ರಾಜಗಿರಿ ಎಲೆಯ ಮೇಲೆ ನನ್ನ ಚರ್ಮ

ನಿಮ್ಮ ಚರ್ಮ ಎಂದಾದರೂ ನಿಮ್ಮನ್ನು ಮನೆಯಲ್ಲೇ ಬಿಟ್ಟು, ತಾನೊಂದೇ ಧಾರವಾಡಕ್ಕೆ ಹೋಗಿದ್ದುಂಟೇ? ಸುಮ್ಮನೆ ತಲೆ ಅಲ್ಲಾಡಿಸಬೇಡಿ, ಯೋಚಿಸಿ ಹೇಳಿ. ಇಲ್ಲ ತಾನೇ? ನನ್ನದು ಹೋಗಿತ್ತು. ಹೋಗಿ, ಅಲ್ಲಿ ರಾಜಗಿರಿ ಸೊಪ್ಪಿನ ಒಂದು ಎಲೆಯ ಮೇಲೆ ಬಿಡಾರ ಹೂಡಬೇಕಾಗಿತ್ತು. ಹೂಡೀತೋ, ಸತ್ತು ತೇಲೀತೋ ಎಂದು ಕಾಯುವುದರಲ್ಲಿ ನಮ್ಮ ಮನೆಯ ಮೂವರಿಗೆ ಒಂದು ಇಡೀ ಮಳೆಗಾಲ ಕಳೆದುಹೋಯಿತು.

ಇವತ್ತು ಬೆಳಿಗ್ಗೆ ನಗರಸಭೆಯವರು ಬಂದು ಅಂಬೇವಾಡಿಯ ನಮ್ಮ ಓಣಿಯ ಗಟಾರದ ಗುಂಟ ಬ್ಲೀಚಿಂಗ್ ಪುಡಿ ಚೆಲ್ಲಿ ಹೋದರು. ಅದರ ಮೇಲೆ ಜಿಟಿಜಿಟಿ ಮಳೆ ಬಿದ್ದದ್ದೇ ತಡ, ವಾಸನೆ ಎದ್ದು ಅಡುಗೆಮನೆಗೆ ಬಂತು. ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ಅಲ್ಲೇ ನಿಂತಿತು. ಪಡಸಾಲೆಯಲ್ಲಿ ಕೂತಿದ್ದ ನಮ್ಮ ಮನೆಯವರು ಎದ್ದು ರಸ್ತೆ ಕಡೆಯ ಕಿಟಕಿ ಮುಚ್ಚಿದರು. ದುಡಿಯುವ ಕಾಲವನ್ನೆಲ್ಲ ಆ ವಾಸನೆಯಲ್ಲೇ ಕಳೆದ ಮನುಷ್ಯ ಅದಕ್ಕೆ ಕಿಟಕಿ ಮುಚ್ಚುತ್ತಾರೆಂದರೆ ನಿಮಗೆ ಆಶ್ಚರ್ಯ ಆಗಬಹುದು. ನನಗೆ ಆಗಲಿಲ್ಲ. ಹೋದ ವರ್ಷದ ಹಿಂದಿನ ಆ ಮಳೆಗಾಲ ನೆನಪಾಯಿತು, ಅಷ್ಟೇ.

ನಮ್ಮ ಮನೆಯವರು ಬೈಲಹೊಂಗಲ ಕಡೆಯವರು. ಪೇಪರ್ ಮಿಲ್ಲಿನ ಕೆಲಸಕ್ಕೆಂದು ದಾಂಡೇಲಿಗೆ ಬಂದು ಇಲ್ಲೇ ಉಳಿದರು. ಬೇಯಿಸಿದ ಬಿದಿರಿನ ತಿರುಳನ್ನು ತೊಳೆದು ಬೆಳ್ಳಗೆ ಮಾಡುವ ವಿಭಾಗ ಅವರದು. ಕೆಲಸದಿಂದ ನಿವೃತ್ತಿ ಆಯಿತು, ಕಣ್ಣಿಗೆ ಆಗಲಿಲ್ಲ. ಬಿಳಿಯದು ಏನು ಸಿಕ್ಕರೂ ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಾರೆ. ಲಗ್ನಪತ್ರಿಕೆ ಬಂದರೆ ಯಾರ ಲಗ್ನ, ಎಂದು, ಎಲ್ಲಿ ಎನ್ನುವುದು ಅವರಿಗೆ ಬೇಡ. ಹಾಳೆ ಹಳದಿ ಹೊಡೆದಿದೆ ಎಂದು ಬೇಸರ ಮಾಡಿಕೊಂಡು ನನ್ನ ಕೈಗೆ ಕೊಡುತ್ತಾರೆ. ನನ್ನನ್ನು ನೋಡಲು ಹಳಿಯಾಳಕ್ಕೆ ಬಂದಾಗ ನನ್ನನ್ನೂ ಕಿಟಕಿಯ ಹತ್ತಿರ ಕೂರಿಸಿ ನೋಡಿದ್ದರು ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಅವರು ಅಲ್ಲಗಳೆಯುತ್ತಾರೆ.

ಮಗಳನ್ನು ಮುಂಡಗೋಡ ಹತ್ತಿರದ ಸನವಳ್ಳಿಗೆ ಕೊಟ್ಟಿದ್ದೇವೆ. ಅವಳ ಮಗಳು ಲೀಲಾ. ಧಾರವಾಡದ ಒಂದು ಪ್ರಯೋಗಶಾಲೆಯಲ್ಲಿ ಸಂಶೋಧನೆ ಮಾಡುತ್ತಾಳೆ. ಆ ವರ್ಷ ಜೂನಿನ ಮಿರಗ ಮಳೆ ಹಿಡಿಯುವ ಹೊತ್ತಿಗೆ ಚೀಲ ತುಂಬ ಗಾಜಿನ ಭರಣಿ ಹೊತ್ತುಕೊಂಡು ನಮ್ಮ ಮನೆಗೆ ಬಂದಳು. ಹಿತ್ತಲಲ್ಲಿ ರಾಜಗಿರಿ ಬಿತ್ತಿಕೊಡು ಆಯಿ, ಔಷಧ ಹೊಡೆಯಬೇಡ, ಗೊಬ್ಬರವನ್ನೂ ಹಾಕಬೇಡ ಎಂದಳು. ಪಲ್ಯಕ್ಕೇನೇ ಎಂದು ಕೇಳಿದೆ. ಚರ್ಮಕ್ಕೆ ಎಂದಳು.

ಅವಳು ಅವತ್ತು ನನಗೆ ಹೇಳಿದ್ದನ್ನು ಹಾಗೇ ಹೇಳುತ್ತೇನೆ, ಯಾಕೆಂದರೆ ಅದಕ್ಕಿಂತ ಚೆಂದ ನನಗೆ ಹೇಳಲು ಬರುವುದಿಲ್ಲ.

"ಎಲಿ ಅಂದ್ರ ಬಾಡಗಿ ಮನಿಗಳ ಒಂದು ಚಾಳ ಇದ್ದಂಗ ಆಯಿ. ಸಣ್ಣ ಸಣ್ಣ ಖೋಲಿ, ನಡುವ ನೀರಿನ ಪೈಪು. ಒಳಗಿನ ಹಸರು, ಜೀವ ಎಲ್ಲಾ ಸಾಬೂನಿನ ನೀರಾಗ ತೊಳದು ಹೊರಗ ಹಾಕ್ತೇನಿ. ಬರೇ ಗ್ವಾಡಿ, ಪೈಪು ಉಳೀತಾವು. ಆಮ್ಯಾಲ ಆ ಖಾಲಿ ಚಾಳಕ್ಕ ಮನಶ್ಯಾರ ಚರ್ಮದ ಜೀವಕಣ ತಂದು ಇಡ್ತೇನಿ. ಅವು ಗ್ವಾಡಿ ಹಿಡಕೊಂಡು ಸಂಸಾರ ಮಾಡಿದ್ರ, ಮುಂದ ಎಂದಾರೆ ಒಂದಿನ ವಾಸಿಯಾಗದ ಹುಣ್ಣಿಗೆ ಅದನ್ನ ಹೊಚ್ಚಬಹುದು."

ಮುಂದೆ ಎಂದಾದರೂ ಒಂದು ದಿನ ಎಂದು ಅವಳು ಸ್ಪಷ್ಟವಾಗಿ ಹೇಳಿದ್ದಳು. ಅದಕ್ಕೆ ಇನ್ನೂ ಎಷ್ಟೋ ವರ್ಷ ಬೇಕು, ಈಗ ನಡೆಯುವುದೆಲ್ಲ ಗಾಜಿನ ತಟ್ಟೆಯೊಳಗೆ ಎಂದೂ ಹೇಳಿದ್ದಳು. ನಾನು ಕೇಳಿಸಿಕೊಂಡೆ. ನನ್ನ ಪಕ್ಕದಲ್ಲಿ ಕೂತವರು ಹುಣ್ಣಿಗೆ ಹೊಚ್ಚಬಹುದು ಎನ್ನುವ ತನಕ ಮಾತ್ರ ಕೇಳಿಸಿಕೊಂಡಿದ್ದರು. ಅದು ನನಗೆ ಗೊತ್ತಾಗುವ ಹೊತ್ತಿಗೆ ಎರಡು ಎಲೆ ಹಾಳಾಗಿದ್ದವು.

ಧಾರವಾಡದ ಸಂತೆಯ ಸೊಪ್ಪು ಅವಳಿಗೆ ಬಾರದು, ಔಷಧ ಹೊಡೆದಿರುತ್ತಾರೆ. ಇಲ್ಲಿಂದ ಕಿತ್ತು ಒಯ್ದರೆ ಬಸ್ಸಿನಲ್ಲಿ ಬಾಡಿ ಮಡಿಕೆ ಬೀಳುತ್ತದೆ. ಅದಕ್ಕೇ ಎಲೆ ತೊಳೆಯುವ ಕೆಲಸ ನಮ್ಮ ಹಿತ್ತಲ ಪಡಸಾಲೆಯಲ್ಲೇ ನಡೆಯಬೇಕಾಯಿತು. ಕಿತ್ತ ಕೂಡಲೇ ಎಲೆ ಭರಣಿಗೆ ಇಳಿಯುತ್ತಿತ್ತು. ಬೆಳಿಗ್ಗೆ ಸಂಜೆ ನೀರು ಬದಲು. ದಿನಗಳೆದಂತೆ ಹಸಿರು ಇಳಿದು, ಎಲೆ ಮೊದಲು ಕಂದು, ಆಮೇಲೆ ಹಳದಿ, ಕೊನೆಗೆ ಹಾಲಿನ ಕೆನೆಯಂತೆ ಆಗುತ್ತಿತ್ತು. ಕಡೆಯಲ್ಲಿ ಅವಳೇ ಅಳತೆ ಮಾಡಿ ಚೂರು ಬ್ಲೀಚ್ ಹಾಕಿ, ಮತ್ತೆ ದಿನಗಟ್ಟಲೆ ಬರಿ ನೀರಿನಲ್ಲಿ ತೊಳೆಯುತ್ತಿದ್ದಳು. ಬೆಳಕಿಗೆ ಹಿಡಿದರೆ ಒಂದೊಂದು ನರವೂ ಕಾಣುತ್ತಿತ್ತು. ಮುಟ್ಟಲು ಭಯವಾಗುವಷ್ಟು ತೆಳು.

ನಮ್ಮ ಮನೆಯವರ ಮುಖ ನೋಡಬೇಕಿತ್ತು. ಕೆಲಸ ಬಿಟ್ಟ ಮೇಲೆ ಮೊದಲ ಸಲ ಆ ಮುಖಕ್ಕೆ ಪಾಳಿಗೆ ಹೊರಟ ಕಳೆ ಬಂದಿತ್ತು. ಇದೇನು ಹೊಸದು, ನಾವು ಬಿದಿರಿಗೆ ಮಾಡಿದ್ದನ್ನೇ ಹುಡುಗಿ ಸೊಪ್ಪಿಗೆ ಮಾಡುತ್ತಾಳೆ, ಬೇಯಿಸು, ತೊಳೆ, ಬೆಳ್ಳಗೆ ಮಾಡು ಎಂದು ಓಣಿಗೆಲ್ಲ ಹೇಳಿಬಂದರು. ಲೀಲಾ ಧಾರವಾಡದಲ್ಲಿ ಇದ್ದಾಗ ನೀರು ಬದಲಿಸುವ ಕೆಲಸ ತಾವೇ ವಹಿಸಿಕೊಂಡರು. ದಿನಾ ಸಂಜೆ ಮೌಳಂಗಿ ಹೊಳೆಯ ಕಡೆ ನಡೆದು ಹೋಗಿಬರುವ ಮನುಷ್ಯ ಅದನ್ನೂ ಬಿಟ್ಟು ಭರಣಿಯ ಮುಂದೆ ಕೂತರು. ಮಳೆಯಲ್ಲವೇ, ಹೋಗದಿದ್ದರೆ ಒಳ್ಳೆಯದೇ ಎಂದುಕೊಂಡೆ. ಬೆಚ್ಚಗಿರಲೆಂದು ಕಾಲಿಗೆ ಉಣ್ಣೆಯ ಚೀಲ ಹಾಕಿಕೊಂಡಿದ್ದರು. ಅದೂ ಮಳೆಗೇ ಎಂದುಕೊಂಡೆ.

ಇನ್ನು ನನ್ನ ಚರ್ಮದ ಸಂಗತಿ. ವಯಸ್ಸಾಗಿ ನನ್ನ ಕಣ್ಣಿನ ಮೇಲಿನ ರೆಪ್ಪೆ ಜೋತುಬಿದ್ದು, ಅರ್ಧ ಶೆಟರ್ ಎಳೆದ ಅಂಗಡಿಯಂತೆ ಆಗಿತ್ತು. ಯಾರೇ ಬರಲಿ, ಗಲ್ಲ ಎತ್ತಿ ನೋಡಬೇಕು. ಅವರು ನನಗೆ ಸೊಕ್ಕು ಎಂದುಕೊಳ್ಳಬೇಕು. ಹೆಚ್ಚಿನ ಚರ್ಮ ಕತ್ತರಿಸಿ ಹೊಲಿಯಬೇಕೆಂದು ಧಾರವಾಡದ ಡಾಕ್ಟರು ಹೇಳಿದರು. ಲೀಲಾ ಹಿಂದೆ ಮುಂದೆ ನೋಡುತ್ತ ಕೇಳಿದಳು: ಕತ್ತರಿಸಿದ್ದನ್ನು ಹೇಗೂ ಎಸೆಯುತ್ತಾರೆ, ಅದನ್ನು ನಮ್ಮ ಪ್ರಯೋಗಶಾಲೆಗೆ ಕೊಡುತ್ತೀಯಾ? ಎಳೆಯರ ಜೀವಕಣ ಎಲೆಯ ಮೇಲೆ ನಿಂತದ್ದನ್ನು ಅವಳು ಹಿಂದಿನ ವರ್ಷವೇ ಕಂಡಿದ್ದಳಂತೆ. ಹುಣ್ಣು ವಾಸಿಯಾಗದೆ ನರಳುವವರು ಮುದುಕರು. ಹಾಗಾಗಿ ಮುದುಕರ ಕಣ ನಿಲ್ಲುತ್ತದೆಯೇ ಎಂದು ತೋರಿಸಬೇಕು. ಅದೇ ಅವಳ ಕೆಲಸದ ಜೀವಾಳ. ಅವಳ ಸಂಶೋಧನೆ ನೋಡಿಕೊಳ್ಳುವ ಮೇಡಂ ಅವರ ಒಪ್ಪಿಗೆ ಆಯಿತು, ನನ್ನ ಸಹಿ ಆಯಿತು, ರೆಪ್ಪೆ ಹಗುರಾಯಿತು. ನಾನು ಕಪ್ಪು ಕನ್ನಡಕ ಹಾಕಿಕೊಂಡು ಬಸ್ಸಿನಲ್ಲಿ ದಾಂಡೇಲಿಗೆ ಬಂದೆ, ನನ್ನ ಚರ್ಮ ಧಾರವಾಡದಲ್ಲೇ ಉಳಿಯಿತು.

ಬಾಟಲಿಯ ತಳದಲ್ಲಿ ಅದು ನಿಧಾನವಾಗಿ ಬೆಳೆಯಿತಂತೆ. ಲೀಲಾ ಚಿತ್ರ ಕಳಿಸಿದಳು. ಉದ್ದುದ್ದ, ತೆಳ್ಳಗೆ, ತಟ್ಟೆಯಲ್ಲಿ ಶಾವಿಗೆ ಚೂರು ಚೆಲ್ಲಿದಂತೆ. ಇದು ನಾನೇನೇ ಎಂದು ಕೇಳಿದೆ. ನೀನೇ ಆಯಿ ಎಂದಳು. ನೋಡಿ, ಜನ ರಾಜಗಿರಿ ಪಲ್ಯ ತಿಂದು ಮೈ ಬೆಳೆಸುತ್ತಾರೆ. ನಾನು ರಾಜಗಿರಿಯ ಮೇಲೇ ಬೆಳೆಯಲು ಸಿದ್ಧವಾಗಿದ್ದೆ.

ಮೊದಲ ಎಲೆ ಧಾರವಾಡಕ್ಕೆ ಹೋಯಿತು. ಅಚ್ಚ ಬಿಳಿಯ ಎಲೆ, ಲೀಲಾಳೇ ನೋಡಿ, ಮುತ್ಯಾ ನಿನ್ನ ಕೈಗುಣ ಎಂದು ಅಜ್ಜನನ್ನು ಹೊಗಳಿದ್ದಳು. ಅದರ ಮೇಲೆ ನನ್ನ ಕಣ ಬಿಟ್ಟಳು. ಮೂರನೆಯ ದಿನ ಫೋನು ಬಂತು. ಒಂದು ಕಣವೂ ಎಲೆಯನ್ನು ಹಿಡಿದಿರಲಿಲ್ಲ. ಎಲ್ಲ ಗುಂಡಗೆ, ಸಾಬೂದಾಣಿ ಕಾಳಿನಂತೆ ಸತ್ತು ತೇಲುತ್ತಿದ್ದವು. ಅದೇ ಕಣ ಬಾಟಲಿಯಲ್ಲಿ ನೆಟ್ಟಗಿದ್ದವು, ಎಲೆಯ ಮೇಲೆ ಮಾತ್ರ ಸತ್ತಿದ್ದವು.

ಎರಡನೆಯ ಎಲೆ ಅದಕ್ಕಿಂತ ಬಿಳಿ. ಮತ್ತೆ ಸಾಬೂದಾಣಿ.

ಅವಳ ಮೇಡಂ ಕೆಟ್ಟವರಲ್ಲ. ಆದರೆ ಎಷ್ಟು ದಿನ ಕಾಯುತ್ತಾರೆ? ಮುದಿ ಕಣಕ್ಕೆ ಹೊಸ ಜಾಗದಲ್ಲಿ ಬೇರು ಬಿಡುವ ತ್ರಾಣ ಇಲ್ಲ, ಇದನ್ನು ಇಲ್ಲಿಗೆ ನಿಲ್ಲಿಸು, ಬೇರೆ ವಿಷಯ ಹಿಡಿ ಎಂದರಂತೆ. ಲೀಲಾ ಹಟ ಮಾಡಿ ಇನ್ನೊಂದೇ ಎಲೆ ಎಂದು ಕೇಳಿಕೊಂಡಳು. ನನ್ನ ಕಣ ಬೆಳೆಸುತ್ತ ಹೋಗಲೂ ಒಂದು ಮಿತಿ ಇತ್ತು. ಎಳೆಯರ ಕಣಗಳಂತೆ ಅವು ಮತ್ತೆ ಮತ್ತೆ ಇಮ್ಮಡಿಸುವುದಿಲ್ಲ. ಚಳಿಯ ಪೆಟ್ಟಿಗೆಯಲ್ಲಿ ಕಾದಿಟ್ಟ ಕೊನೆಯ ಸೀಸೆ ಒಂದೇ ಉಳಿದಿತ್ತು. ಅದೂ ಸತ್ತರೆ ಅವಳ ಆ ಕೆಲಸ ಮುಗಿದಂತೆ.

ಆ ದಿನಗಳಲ್ಲಿ ನಾನು ಯಾರಿಗೂ ಕಾಣದಂತೆ ಕನ್ನಡಿ ನೋಡಿಕೊಳ್ಳುತ್ತಿದ್ದೆ. ನಗಬೇಡಿ. ಹುಡುಗಿಯ ಅಷ್ಟು ವರ್ಷದ ಓದು ನನ್ನ ರೆಪ್ಪೆಯ ಚೂರಿನ ಮೇಲೆ ನಿಂತಿದೆ, ಅದು ಕೈಲಾಗದ ಚರ್ಮ ಎಂದು ದೊಡ್ಡವರು ಹೇಳಿದ್ದಾರೆ ಎಂದರೆ ಹೇಗಾಗಬೇಕು? ಲೀಲಾ ಊಟಕ್ಕೆ ಕೂತರೆ ರೊಟ್ಟಿ ಮುರಿದು ಮುರಿದು ಇಡುತ್ತಿದ್ದಳು. ನಿನ್ನದೇನೂ ತಪ್ಪಿಲ್ಲ ಆಯಿ ಎನ್ನುತ್ತಿದ್ದಳು. ಹಾಗೆ ಹೇಳಿದಾಗಲೇ ತಪ್ಪು ನನ್ನದು ಅನಿಸುತ್ತಿತ್ತು.

ಮೂರನೆಯ ಎಲೆ ತಯಾರಾದ ದಿನ ಮಳೆ ಎಂಥದು ಎಂದರೆ, ಓಣಿಯ ಆಚೆ ಮನೆ ಕಾಣುತ್ತಿರಲಿಲ್ಲ. ಬೆಳಿಗ್ಗೆಯ ಬಸ್ಸಿಗೆ ಲೀಲಾ ಹೊರಟಳು. ಭರಣಿಗೆ ಟವೆಲು ಸುತ್ತಿ, ಎಳೆಗೂಸನ್ನು ಎತ್ತಿಕೊಂಡಂತೆ ಎದೆಗೆ ಆನಿಸಿಕೊಂಡಿದ್ದಳು. ಸೀಸೆಯನ್ನು ಮಧ್ಯಾಹ್ನವೇ ಕರಗಿಸಿ ಎಲೆಗೆ ಬಿಡುತ್ತೇನೆ, ಒಳಗೆ ಹೋದರೆ ಫೋನು ಹೊರಗಿಡಬೇಕು, ನೀವು ಮಾಡಬೇಡಿ ಎಂದು ಹೇಳಿ ಹೋದಳು. ನಮ್ಮವರು ಬಾಗಿಲಲ್ಲಿ ನಿಂತು, ಈ ಸಲ ಎಲೆ ಹಾಲಿನಂತಿದೆ, ಚಿಂತೆ ಮಾಡಬೇಡ ಎಂದರು.

ಅವಳು ಹೋದ ಮೇಲೆ ಹಿತ್ತಲ ಪಡಸಾಲೆಯ ಹಗ್ಗದ ಮೇಲೆ ಆರಿಹಾಕಿದ್ದ ಬಟ್ಟೆ ತೆಗೆಯಲು ಹೋದೆ. ನನ್ನ ನೀಲಿ ಇಳಕಲ್ ಸೀರೆಯ ಅಂಚಿನ ಹತ್ತಿರ ನಾಲ್ಕು ಬೆರಳಿನ ಗುರುತು. ಬಣ್ಣವೇ ಹೋಗಿ ಅಚ್ಚ ಬಿಳಿ. ಮೂಗಿಗೆ ಹಿಡಿದೆ. ಆ ವಾಸನೆ ನನಗೆ ಹೊಸದಲ್ಲ. ಮದುವೆಯಾದಾಗಿನಿಂದ ಅವರ ಅಂಗಿಗಳಲ್ಲಿ ಅದನ್ನೇ ಒಗೆದಿದ್ದೇನೆ.

ಜಗಳ ಆಡಬೇಕೆಂದೇ ಪಡಸಾಲೆಗೆ ಬಂದೆ. ಅದು ಸೀರೆಯ ಜಗಳ, ಬೇರೇನೂ ತಲೆಯಲ್ಲಿ ಇರಲಿಲ್ಲ.

"ಏನ್ರೀ, ನನ್ನ ಸೀರಿಗೆ ಏನ ವರಸೀರಿ?"

"ಕೈ ವರಸೀನಿ. ಎಲಿಗೆ ಕಡೀಕ ಒಂದು ಸ್ನಾನ ಮಾಡಿಸಿದೆ ನಿನ್ನೆ."

"ಯಾವ ಎಲಿಗೆ?"

"ಲೀಲಾ ಒಯ್ದಳಲ್ಲ, ಅದಕ್ಕ. ಇನ್ನಾ ಹಳದಿ ಇತ್ತು. ಅಕೀಗೆ ಬಣ್ಣ ತಿಳಿಯಂಗಿಲ್ಲ, ಕೆನಿ ಬಣ್ಣಕ್ಕ ಸಾಕು ಅಂತಾಳ."

ಸೀರೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತೆ. ಹಿಂದಿನ ಎರಡಕ್ಕೂ ಹೀಗೇ ಮಾಡಿದ್ದರೇ ಎಂದು ಕೇಳಿದೆ. ಮತ್ತೆ ಅಷ್ಟು ಬೆಳ್ಳಗೆ ತಾನಾಗಿ ಆಯಿತು ಎಂದುಕೊಂಡೆಯಾ ಎಂದು ಅವರು ಹೆಮ್ಮೆಯಿಂದಲೇ ಹೇಳಿದರು. ಲೀಲಾ ಎಲ್ಲ ತೊಳೆದು ಮುಗಿಸಿ ಮಲಗಿಸಿಟ್ಟ ಎಲೆಗೆ, ಅವಳು ಇಲ್ಲದ ಹೊತ್ತು ನೋಡಿ, ಮಿಲ್ಲಿನ ಹದದಲ್ಲಿ ಮತ್ತೊಂದು ಸಲ ಬ್ಲೀಚ್ ಕೊಟ್ಟು, ಮಿಲ್ಲಿನ ಹದದಲ್ಲೇ ತೊಳೆದು, ಮತ್ತೆ ಅವಳ ಭರಣಿಗೆ ಇಳಿಸಿದ್ದರು. ಹಾಳೆಯಾಗಿದ್ದರೆ ಆ ತೊಳೆತ ಸಾಕಾಗಿತ್ತು.

ನಾನು ಓದಿದವಳಲ್ಲ. ಆದರೆ ಚಿಕ್ಕಂದಿನಲ್ಲಿ ಹಳಿಯಾಳದ ನಮ್ಮ ಮನೆಯ ಬಾವಿಗೆ ಬ್ಲೀಚಿಂಗ್ ಹಾಕಿದ ದಿನ, ಅದರೊಳಗಿನ ಮೀನು ಹೊಟ್ಟೆ ಮೇಲೆ ಮಾಡಿ ತೇಲಿದ್ದು ನೋಡಿದ್ದೇನೆ. ಸತ್ತು ತೇಲಿದವು ಎಂದು ಲೀಲಾ ಹೇಳಿದ ಮಾತು ಕಿವಿಯಲ್ಲಿ ಬಂತು.

"ನೀವು ತೊಳದದ್ದು ಹಾಳಿಗೆ ಸಾಕಾಗತೈತ್ರಿ. ಅಕಿ ಅದರ ಮ್ಯಾಲ ಇಡೂದು ಜೀವಾ."

ಅವರಿಗೆ ಸಿಟ್ಟು ಬಂತು. ಧ್ವನಿ ಏರಿಸಿದರು. ಕಾಲಿಗೆ ಹಾಕುವ ಎಲೆ ಸ್ವಚ್ಛ ಇರಬೇಕೋ ಬೇಡವೋ ಎಂದರು. ಯಾರ ಕಾಲಿಗೆ ಎಂದು ಕೇಳಿದೆ. ಅವರ ಕೈ ಮೊಣಕಾಲಿನ ಮೇಲಿತ್ತು, ಕಣ್ಣು ಕೆಳಗಿತ್ತು. ನಾನು ಬಗ್ಗಿ, ಆ ಉಣ್ಣೆಯ ಕಾಲುಚೀಲ ಎಳೆದೆ. ಕಿರುಬೆರಳಿನ ಬುಡದಲ್ಲಿ ಹುಣ್ಣು. ಹಳೆಯದು. ಸುತ್ತ ಕಪ್ಪಾಗಿತ್ತು, ವಾಸನೆ ಬರುತ್ತಿತ್ತು. ಸಕ್ಕರೆ ಕಾಯಿಲೆಯ ಮನುಷ್ಯ, ಇಡೀ ಮಳೆಗಾಲ ಅದನ್ನು ಮುಚ್ಚಿಕೊಂಡು, ಮೊಮ್ಮಗಳ ಎಲೆ ಬರುತ್ತದೆ, ಹೊಚ್ಚುತ್ತಾಳೆ ಎಂದು ಕಾದಿದ್ದರು. ಡಾಕ್ಟರ ಹತ್ತಿರ ಹೋದರೆ ಕಾಲು ತೆಗೆಯುತ್ತಾರೆ ಎನ್ನುವ ಹೆದರಿಕೆ ಬೇರೆ.

ಅದಕ್ಕೆ ಅಳಲೂ ಹೊತ್ತಿರಲಿಲ್ಲ. ಎಲೆ ಬಸ್ಸಿನಲ್ಲಿತ್ತು.

ಲೀಲಾಳಿಗೆ ಫೋನು ಮಾಡಿದೆ. ಹತ್ತಲಿಲ್ಲ. ಹಳಿಯಾಳದ ತನಕ ಅಡವಿಯ ರಸ್ತೆ, ಮಳೆಗಾಲದಲ್ಲಿ ಆ ದಾರಿಯಲ್ಲಿ ಫೋನು ಇದ್ದೂ ಇಲ್ಲದಂತೆ. ಮತ್ತೆ ಮಾಡಿದೆ. ಮತ್ತೆ. ಟೈಪ್ ಮಾಡಿ ಬಿಡು, ಎಲ್ಲಾದರೂ ಸಿಗ್ನಲ್ಲು ಸಿಕ್ಕಾಗ ತಾನೇ ಹೋಗಿ ಮುಟ್ಟುತ್ತದೆ ಎಂದು ಪಕ್ಕದ ಮನೆಯವರು ಬೇಲಿಯ ಆಚೆಯಿಂದ ಹೇಳಿದರು. ನನಗೆ ಟೈಪ್ ಬರುತ್ತಿರಲಿಲ್ಲ. ಮನೆಯವರ ಕಣ್ಣು ಸಣ್ಣ ಅಕ್ಷರ ಹಿಡಿಯುವುದಿಲ್ಲ. ಪಕ್ಕದವರ ಕೈಯಲ್ಲಿ ಬರೆಸಲು ಏನೆಂದು ಹೇಳಲಿ? ನನ್ನ ಗಂಡ ಮೊಮ್ಮಗಳ ಕೆಲಸ ಕೊಂದ ಎಂದೇ? ಇವತ್ತು ಈ ಬೆರಳು ಒಂದೊಂದೇ ಅಕ್ಷರ ಕುಟ್ಟುತ್ತ ನಿಮ್ಮ ಮುಂದೆ ಬಂದಿದೆಯಲ್ಲ, ಆ ಬೆಳಗಿನ ಅವಮಾನಕ್ಕೇ ಇದನ್ನು ಕಲಿತದ್ದು.

ಅಷ್ಟರಲ್ಲಿ ನಮ್ಮ ವೈನಿಯ ನೆನಪಾಯಿತು. ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಹಳಿಯಾಳ ಬಸ್ ನಿಲ್ದಾಣದ ಹಿಂದೆಯೇ ಅವರ ಕಿರಾಣಿ ಅಂಗಡಿ. ಮೈ ದಪ್ಪ, ಮೊಣಕಾಲು ನೋವು. ಗಲ್ಲಾದ ಹಿಂದಿನಿಂದ ಎದ್ದರೆ ಗಿರಾಕಿಗಳು ಗಾಬರಿಯಾಗುತ್ತಾರೆ. ಫೋನು ಮಾಡಿದೆ. ದಾಂಡೇಲಿ ಬಸ್ಸು ಇನ್ನೇನು ಬರುತ್ತದೆ, ಅದರಲ್ಲಿ ಲೀಲಾ ಇದ್ದಾಳೆ, ಇಳಿಸಿ, ಇಳಿಯದಿದ್ದರೆ ಬಸ್ಸಿಗೆ ಅಡ್ಡ ನಿಲ್ಲಿ ಎಂದೆ.

"ಯಾರರೆ ಸತ್ತಾರೇನ?" ವೈನಿ ಕೇಳಿದರು.

"ಇನ್ನಾ ಇಲ್ರಿ. ನೀವು ಓಡಿದ್ರ ಸಾಯೂದಿಲ್ಲ."

ಫೋನು ಇಟ್ಟೆ. ಅವರು ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತಿದ್ದರು. ಮುಚ್ಚಿಕೊಳ್ಳಲಿಲ್ಲ. ನಾನು ಬಿಸಿನೀರು ತಂದು ಒರೆಸಿದೆ. ಮೊದಲಿನ ಎರಡೂ ನಾನೇ ಕೊಂದೆನಾ ಎಂದು ಕೇಳಿದರು. ಸುಳ್ಳು ಹೇಳಬಹುದಿತ್ತು. ನೀರು ಬದಲಿಸುವ ನೆಪ ಮಾಡಿ ಎದ್ದು ಹೋದೆ.

ಬಸ್ ನಿಲ್ದಾಣದಲ್ಲಿ ನಡೆದದ್ದನ್ನು ವೈನಿ ಇವತ್ತಿಗೂ ಹೇಳುತ್ತಾರೆ. ಕೊಡೆ ಗಾಳಿಗೆ ಹಿಂದುಮುಂದಾಗಿ, ತಲೆ ಮೇಲಿನ ಸೆರಗು ಎಲ್ಲೋ ಹೋಗಿ, ಹೊರಟುಬಿಟ್ಟಿದ್ದ ಬಸ್ಸಿನ ಮುಂದೆ ಎರಡೂ ಕೈ ಚಾಚಿ ನಿಂತರಂತೆ. ಏನಾಗಿದೆ ಎಂದು ಅವರಿಗೇ ಗೊತ್ತಿಲ್ಲ. ಕಂಡಕ್ಟರು ಬೈದ; ಅವರು ತಿರುಗಿ ಬೈದರು. ಬಸ್ಸು ಹತ್ತಿ, ನನ್ನ ನಾದಿನಿಯ ಚರ್ಮಕ್ಕೆ ಏನೋ ಆಗಿದೆ ಎಂದು ಇಡೀ ಬಸ್ಸಿಗೆ ಸಾರಿ, ಲೀಲಾಳ ಕಿವಿಗೆ ತಮ್ಮ ಫೋನು ಒತ್ತಿದರು.

ಇತ್ತ ನನ್ನ ಫೋನು ಹೊಡೆದುಕೊಂಡಿತು. ಆಯಿ, ಏನಾಯಿತು ಎಂದಳು. ಮಾತು ಜೋಡಿಸಿಕೊಳ್ಳುವುದರೊಳಗೆ ನಮ್ಮವರು ಕೈ ಚಾಚಿ ಫೋನು ಇಸಿದುಕೊಂಡರು.

"ಲೀಲವ್ವಾ, ಆ ಎಲಿಗೆ ನಾ ಬ್ಲೀಚ್ ಹಾಕೀನಿ. ನೀ ಎಲ್ಲಾ ತೊಳದಿಟ್ಟ ಮ್ಯಾಲ. ಮೂರೂ ಸಲ."

ಆ ಕಡೆ ಬಸ್ಸಿನ ಇಂಜಿನ್ನು, ವೈನಿ ಕಂಡಕ್ಟರನಿಗೆ ಇನ್ನೂ ಬೈಯುತ್ತಿದ್ದದ್ದು, ಯಾರದೋ ಕೂಸಿನ ಅಳು, ಎಲ್ಲ ಕೇಳುತ್ತಿತ್ತು. ಈಗ ಲೀಲಾ ಅತ್ತಾಳು, ಇಲ್ಲವೇ ಇನ್ನು ನಮ್ಮ ಮನೆ ಮೆಟ್ಟಿಲು ಹತ್ತುವುದಿಲ್ಲ ಎಂದಾಳು ಎಂದುಕೊಂಡೆ.

"ಅಂದ್ರ," ಕೊನೆಗೂ ಹೇಳಿದಳು, "ಆಯಿ ಕಣ ಮುದಿ ಆಗಿದ್ದಕ್ಕ ಸತ್ತಿಲ್ಲ."

"ಇಲ್ಲವ್ವಾ. ನಾ ಕೊಂದೀನಿ."

"ಮುತ್ಯಾ, ಸೀಸೆ ಇನ್ನಾ ಥಂಡ್ಯಾಗ ಐತಿ. ಇವತ್ತ ತಗಿಯೂದಿಲ್ಲ."

ನಾನು ಗೋಡೆಗೆ ಆತುಕೊಂಡು ಕೂತೆ.

ಆದರೆ ಮೇಡಂ ಕೊಟ್ಟದ್ದು ಒಂದೇ ಅವಕಾಶ, ಅದು ಆ ದಿನದ್ದು. ಲೀಲಾ ಧಾರವಾಡಕ್ಕೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿದಳಂತೆ. ಮೊಮ್ಮಗಳು ಅಜ್ಜನ ಮೇಲೆ ಹಾಕಿ ತಪ್ಪಿಸಿಕೊಳ್ಳುತ್ತಿದ್ದಾಳೆ ಎಂದು ಅವರು ಅಂದುಕೊಂಡಿದ್ದರೂ ಅದು ಸಹಜವೇ. ಆ ಬಿಳಿ ಎಲೆಯನ್ನು ಪರೀಕ್ಷೆ ಮಾಡಿಸಿದರು. ಒಳಗೆ ಬ್ಲೀಚ್ ಉಳಿದಿತ್ತು. ಹೊಸ ಎಲೆ ತೊಳೆದು ತಾ ಎಂದರು. ಇದು ಕೊನೆಯದು ಎಂದೂ ಹೇಳಿದರು.

ಲೀಲಾ ಬರುವ ತನಕ ದವಾಖಾನೆಗೆ ಹೋಗಲು ಅವರು ಒಪ್ಪಿರಲಿಲ್ಲ; ಶನಿವಾರ ಬಂದವಳು, ನನ್ನಿಂದ ಹುಣ್ಣಿನ ಸಂಗತಿ ಕೇಳಿ, ಭರಣಿ ಇಡುವ ಮೊದಲು ಮುತ್ಯಾನ ಕಾಲು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡು ನೋಡಿದಳು. ಬಯ್ಯಲಿಲ್ಲ. ಈ ಎಲೆ ನಿನ್ನ ಕಾಲಿಗಲ್ಲ ಮುತ್ಯಾ, ನಿನ್ನ ಕಾಲು ಅಷ್ಟು ವರ್ಷ ಕಾಯುವುದಿಲ್ಲ ಎಂದಳು. ಅವತ್ತೇ ಗಾಡಿ ಮಾಡಿ ಧಾರವಾಡದ ದವಾಖಾನೆಗೆ ಕರೆದೊಯ್ದಳು. ಕಿರುಬೆರಳು ಹೋಯಿತು, ಕಾಲು ಉಳಿಯಿತು. ಇನ್ನು ಸ್ವಲ್ಪ ತಡವಾಗಿದ್ದರೆ ಎಂದು ಡಾಕ್ಟರು ಹೇಳಲು ಹೊರಟದ್ದನ್ನು ನಾನು ಪೂರ್ತಿ ಕೇಳಿಸಿಕೊಳ್ಳಲಿಲ್ಲ.

ಅವರು ಪಟ್ಟಿ ಸುತ್ತಿದ ಕಾಲಿನೊಂದಿಗೆ ಮನೆಗೆ ಬಂದ ಮೇಲೆ ಲೀಲಾ ಮಾಡಿದ ಕೆಲಸ ನೋಡಿ. ಭರಣಿಯನ್ನು ಒಯ್ದು ಅವರ ಮಂಚದ ಎದುರಿಗೇ ಇಟ್ಟಳು. ನೀರು ಬದಲಿಸುವ ಹೊತ್ತಿಗೆ ನೀನೇ ನೆನಪು ಮಾಡಬೇಕು ಎಂದು ಅವರಿಗೇ ಹೇಳಿದಳು. ಬ್ಲೀಚಿನ ಬಾಟಲಿಯನ್ನು ಮಾತ್ರ ತನ್ನ ಚೀಲದಲ್ಲಿ ಹಾಕಿಕೊಂಡಳು.

ಅದು ಅವರಿಗೆ ಶಿಕ್ಷೆಯೋ ಮರ್ಯಾದೆಯೋ ನನಗೆ ಈಗಲೂ ತಿಳಿಯದು. ಮಾಸಿದ ಕೆನೆ ಬಣ್ಣದ ಆ ಎಲೆಯನ್ನು ಎದುರಿಗೆ ಇಟ್ಟುಕೊಂಡು ದಿನವಿಡೀ ನೋಡುವುದು ಬ್ಲೀಚಿಂಗ್ ವಿಭಾಗದ ಮನುಷ್ಯನಿಗೆ ಬೆರಳು ಕತ್ತರಿಸಿದ್ದಕ್ಕಿಂತ ಹೆಚ್ಚು ನೋವು ಕೊಟ್ಟಿತು. ಇಷ್ಟು ಹಳದಿ ಎಲೆ ಧಾರವಾಡಕ್ಕೆ ಹೋದರೆ ದಾಂಡೇಲಿಯ ಮಾನ ಹೋಗುತ್ತದೆ ಎಂದು ಗೊಣಗಿದರು. ಆದರೆ ಕೈ ತೊಡೆಯ ಮೇಲೆಯೇ ಇತ್ತು. ನೀರು ಬದಲಿಸಲು ನಾನು ಹೋದಾಗ, ನಿಧಾನ, ಎಲೆಯ ಮೇಲೆ ನೇರ ಸುರಿಯಬೇಡ ಎಂದು ನನಗೇ ಹೇಳಿಕೊಟ್ಟರು.

ಕೊನೆಯ ಸೀಸೆ ಕರಗಿತು. ಅರ್ಧ ಎಲೆಯ ಮೇಲೆ, ಅರ್ಧ ತಟ್ಟೆಗೆ ಬಿಟ್ಟಳಂತೆ.

ಮೊದಲ ದಿನ ಫೋನು ಬರಲಿಲ್ಲ. ಎರಡನೆಯ ದಿನವೂ ಇಲ್ಲ. ಮೂರನೆಯ ದಿನ ನಾನು ಬೆಳಿಗ್ಗೆ ಲಿಂಗಪೂಜೆಗೆ ಕೂತು ವಿಭೂತಿ ಹಚ್ಚಿಕೊಳ್ಳುವಾಗ ನನ್ನ ಕೈ ರೆಪ್ಪೆಯ ಮೇಲಿನ ಹೊಲಿಗೆಯ ಗೆರೆ ಮುಟ್ಟಿತು. ಹಿಡಕೋರೇ, ಬಿಡಬ್ಯಾಡ್ರಿ ಎಂದು ನನ್ನ ಕಣಗಳಿಗೇ ಹೇಳಿಕೊಂಡೆ. ದೇವರಿಗೆ ಹೇಳುವುದನ್ನು ಬಿಟ್ಟು ಚರ್ಮಕ್ಕೆ ಹೇಳಿದೆ. ಮಧ್ಯಾಹ್ನದ ಊಟ ಇಬ್ಬರಿಗೂ ಸೇರಲಿಲ್ಲ. ಅವರು ಫೋನನ್ನು ಮಂಚದ ಮೇಲೆ ತಮ್ಮ ಪಕ್ಕದಲ್ಲಿ ಇಟ್ಟುಕೊಂಡಿದ್ದರು. ನಾನು ಅಲ್ಲಿಂದ ತಂದು ನನ್ನ ಪಕ್ಕದಲ್ಲಿ ಇಟ್ಟುಕೊಂಡೆ. ಅವರು ಮತ್ತೆ ಒಯ್ದರು.

ಸಂಜೆ ಚಿತ್ರ ಬಂತು. ಮಾತಿಲ್ಲ, ಬರೀ ಚಿತ್ರ. ನನ್ನ ಕನ್ನಡಕ ಹುಡುಕಲು ಹೊತ್ತಾಯಿತು. ನೋಡಿದೆ. ಎಲೆಯ ನರದ ಎರಡೂ ಬದಿಗೆ, ಕಾಲುವೆಯ ದಂಡೆಯಲ್ಲಿ ಜನ ಮನೆ ಕಟ್ಟಿಕೊಂಡಂತೆ, ಶಾವಿಗೆ ಚೂರು. ಸಾಬೂದಾಣಿ ಅಲ್ಲ. ಶಾವಿಗೆ.

ಅವರು ಫೋನನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಬೆಳಕಿಗೆ ಹಿಡಿದರೆ ಫೋನಿನಲ್ಲಿ ಏನೂ ಕಾಣುವುದಿಲ್ಲ ಎಂದು ನಾನು ಹೇಳಲಿಲ್ಲ.

ಎಲೆ ಹಳದಿಯಾಗಿದ್ದುಕೊಂಡೇ ನನ್ನ ಕಣಗಳಿಂದ ತುಂಬಿತು. ಲೀಲಾ ಈಗಲೂ ಅದೇ ಕೆಲಸದಲ್ಲಿದ್ದಾಳೆ. ಹುಣ್ಣಿಗೆ ಹೊಚ್ಚುವ ದಿನ ಇನ್ನೂ ದೂರವಿದೆ, ಈಗ ಬೇರೆ ಮುದುಕರ ಚರ್ಮವನ್ನೂ ತಂದು ಬೆಳೆಸಿ ನೋಡುತ್ತಿದ್ದಾಳೆ. ತಟ್ಟೆಗೆ ಬಿಟ್ಟ ಅರ್ಧದಲ್ಲಿ ಬೆಳೆದದ್ದನ್ನು ಮತ್ತೆ ಚಳಿಯ ಪೆಟ್ಟಿಗೆಗೆ ಇಟ್ಟಿದ್ದಾಳಂತೆ. ಹಾಗೇ ಇಟ್ಟರೆ ಬಹಳ ವರ್ಷ ಕೆಡುವುದಿಲ್ಲವಂತೆ.

ಇವತ್ತು ಅವರು ಕಿಟಕಿ ಮುಚ್ಚಿ ಬಂದು ಕೂತ ಮೇಲೆ, ರೊಟ್ಟಿ ಬಡಿಸುತ್ತ ನಾನು ಅದನ್ನೇ ತೆಗೆದೆ. ನೋಡ್ರಿ, ನಾ ಸತ್ತ ಮ್ಯಾಲೂ ನಿಮ್ಮನ್ನ ಬಿಡೂದಿಲ್ಲ, ಧಾರವಾಡದಾಗ ನಾ ಇರ್ತೇನಿ ಎಂದೆ. ಅವರು ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿ, ತಟ್ಟೆಗೆ ಹಾಕಿಕೊಂಡು, ತಲೆ ಎತ್ತದೆ ಹೇಳಿದರು:

"ಇರವಲ್ಯಾಕ. ಬಾಯಿ ಇಲ್ಲದ ಹೆಂಡ್ತಿ ಒಬ್ಬಾಕಿ ಇರ್ಲಿ ನನಗೂ."